ಕೈಗೆ ತೊಟ್ಟ ಬೂಟು

ಗಡ್ಡದ ಕಲಾವಿದ ಹಳೆಯ ಫ್ರಿಜ್ಜಿನ ಬೆನ್ನಿಗೆ ಮೈಕು ಅಂಟಿಸಿ ಅದರ ಗೊರಕೆ ಕೇಳಿಸುತ್ತಿದ್ದ. ಫ್ರಿಜ್ಜು ತಟಕ್ಕನೆ ನಿಂತಿತು. ಕೃತಿ ಮುಗಿಯಿತೋ, ಕರೆಂಟು ಹೋಯಿತೋ ತಿಳಿಯದೆ ಜನ ಮುಖ ಮುಖ ನೋಡಿಕೊಂಡರು. ಚಪ್ಪಾಳೆ ತಟ್ಟಿದರೆ ದಡ್ಡರು, ತಟ್ಟದಿದ್ದರೆ ಹೆಡ್ಡರು ಎನ್ನುವಂಥ ಪರಿಸ್ಥಿತಿ. ಕೊನೆಗೆ ಅವನೇ ತಲೆಬಾಗಿದ. ಎಲ್ಲರೂ ನಿರಾಳವಾಗಿ ಚಪ್ಪಾಳೆ ತಟ್ಟಿದರು. ಗೆಳೆಯರ ಬಳಗ ಹೊಸ ಸದ್ದುಗಳನ್ನೂ ಅರ್ಧಂಬರ್ಧ ಚಿತ್ರಗಳನ್ನೂ ತಂದು ತೋರಿಸುವ, ವರ್ಷಕ್ಕೊಮ್ಮೆ ಬರುವ ಈ ಸಂಜೆಯಲ್ಲಿ ಇದೆಲ್ಲ ಮಾಮೂಲು.

ಪರದೆಯ ಪಕ್ಕದ ಮೂಲೆಯಲ್ಲಿ ಅತ್ತಿಗೆ ನೆಲದ ಮೇಲೆ ಕೂತು, ಗಂಡನ ಬೂಟುಗಳೊಳಗೆ ಕೈ ತೂರಿಸಿಕೊಂಡಿದ್ದಳು. ಮೈದುನ ಕರೆದದ್ದೇ ಬಳಗಕ್ಕೆಲ್ಲ ರೂಢಿಯಾಗಿ, ಅಲ್ಲಿ ಅವಳು ಎಲ್ಲರಿಗೂ ಅತ್ತಿಗೆ. ಎದುರಿಗೆ ಒಂದು ಮರದ ಹಲಗೆ, ಒಂದು ತಟ್ಟೆ ತುಂಬ ಜಲ್ಲಿ. ಸಿನಿಮಾಗಳಿಗೆ ಹೆಜ್ಜೆಸದ್ದು ಮಾಡುವುದು ಅವಳ ಕಸುಬು. ಎಷ್ಟೋ ನಾಯಕರು, ಕಳ್ಳರು, ಒಂದು ಆನೆಯೂ ಅವಳ ಕೈಯಲ್ಲಿ ನಡೆದದ್ದುಂಟು.

ಗಂಡ ಕ್ಯಾಮೆರಾದವನು. ಸಾಯುವ ಮುಂಚೆ ತನ್ನದೇ ದಿನಗಳನ್ನು ಚಿತ್ರ ಮಾಡುತ್ತಿದ್ದ. ಸದ್ದು ಹಿಡಿದಿರಲಿಲ್ಲ, ಅದು ನಿನ್ನ ಪಾಲು ಎಂದಿದ್ದ. ಅಂದಿನಿಂದ ಪ್ರತಿ ವರ್ಷ ಈ ಸಂಜೆ ಆ ಮೂಕಚಿತ್ರ ಓಡುತ್ತದೆ, ಅವಳು ಅಲ್ಲೇ ಕೂತು ಅವನನ್ನು ನಡೆಸುತ್ತಾಳೆ. ಅವನದು ಎಡಗಾಲನ್ನು ಕೊಂಚ ಎಳೆಯುವ ನಡಿಗೆ. ಬದುಕಿದ್ದಾಗ ಅದನ್ನು ಅಣಕಿಸಿ ಬೈಸಿಕೊಳ್ಳುತ್ತಿದ್ದವಳು ಈಗ ಅದಕ್ಕಾಗಿ ವರ್ಷವಿಡೀ ಕಾಯುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಮಾಡಿ ನೋಡಿದ್ದಳು. ಚಿತ್ರವಿಲ್ಲದೆ ಅದು ಬರೀ ಬೂಟಿನ ಸದ್ದಾಗಿತ್ತು.

ಈ ಸಲ ಮೈದುನ ಅವಳ ಮುಂದೆ ಮೈಕು ತಂದು ನೆಟ್ಟಿದ್ದ. ಅಣ್ಣನ ಚಿತ್ರವನ್ನು ಕತ್ತರಿಸಿ ಜೋಡಿಸಿದವನು ಅವನೇ.

"ಇವತ್ತು ರೆಕಾರ್ಡ್ ಮಾಡಿ ಚಿತ್ರಕ್ಕೇ ಕೂಡಿಸಿಬಿಡ್ತೀನಿ ಅತ್ತಿಗೆ. ಅಲ್ಲಿಗೆ ಚಿತ್ರ ಮುಗೀತು. ಮುಂದಿನ ವರ್ಷದಿಂದ ನೀವು ಆರಾಮಾಗಿ ಕುರ್ಚಿ ಮೇಲೆ ಕೂತು ನೋಡಿ."

"ನಾನು ಆರಾಮಾಗಿಲ್ಲ ಅಂತ ಯಾರಪ್ಪ ಹೇಳಿದ್ದು?"

ಅವನು ನಕ್ಕು, ಮೂಗಿನಿಂದ ಎಳೆದೆಳೆದು ಅಣ್ಣನ ದನಿ ತೆಗೆದ. "ಲೇ, ಇನ್ನೂ ಎಷ್ಟು ವರ್ಷ ನನ್ನ ನಡೆಸ್ತೀಯೇ? ಕಾಲು ನೋಯುತ್ತೆ."

ಥೇಟ್ ಅವನೇ. ಅವಳು ನಕ್ಕಳು, ನಗದೆ ವಿಧಿಯಿರಲಿಲ್ಲ. ನಕ್ಕಾದ ಮೇಲೆ, ಕೆಡಿಸಬೇಕು ಎಂದು ನಿರ್ಧರಿಸಿದಳು. ಒಂದು ಹೆಜ್ಜೆ ತಡವಾದರೆ ಸಾಕು, ರೆಕಾರ್ಡು ಕೆಲಸಕ್ಕೆ ಬಾರದು. ವಯಸ್ಸಾಯಿತು, ಕೈ ತಪ್ಪಿತು ಎಂದರಾಯಿತು. ಇನ್ನೊಂದು ವರ್ಷ ಸಿಗುತ್ತದೆ.

ದೀಪ ಆರಿತು. ಪರದೆಯ ಮೇಲೆ ಗಂಡ ಕುರ್ಚಿಯಿಂದ ಎದ್ದ. ಈಗ, ಎಂದುಕೊಂಡಳು. ಅವನ ಬಲಗಾಲು ನೆಲ ಮುಟ್ಟಿತು. ಅವಳ ಬಲಗೈ ಹಲಗೆ ಮುಟ್ಟಿತು. ಬಾಗಿಲ ಹತ್ತಿರ, ಎಂದುಕೊಂಡಳು. ಬಾಗಿಲ ಹತ್ತಿರ ಎಡಗೈ ಕೊಂಚ ಎಳೆದುಕೊಂಡು ಹೊಸ್ತಿಲು ದಾಟಿ ಜಲ್ಲಿಗೆ ಇಳಿಯಿತು. ಗೇಟಿನ ಹತ್ತಿರವಾದರೂ. ಅವನು ನಿಂತು ಆಕಾಶ ನೋಡಿದ, ಕೈಗಳೂ ನಿಂತವು. ಅವನಂತೆಯೇ ಅವೂ ಅವಳ ಮಾತು ಕೇಳುವಂಥವಲ್ಲ. ಅವನು ಮತ್ತೆ ಹೊರಟ, ರಸ್ತೆಯ ತಿರುವು ದಾಟಿದ. ಕೊನೆಯ ಹೆಜ್ಜೆ ಜಲ್ಲಿಯಲ್ಲಿ ಹದವಾಗಿ ಕರಗಿತು.

ದೀಪ ಬಂತು. ಮೈದುನ ಹೆಡ್‌ಫೋನ್ ಸರಿಸಿದ. ಅವನ ಕಣ್ಣು ಒದ್ದೆಯಾಗಿತ್ತು.

"ಒಂದೂ ತಪ್ಪಿಲ್ಲ ಅತ್ತಿಗೆ."

"ಗೊತ್ತು," ಅಂದಳು.

ಜನ ಸುತ್ತ ಸೇರಿದರು. ಮುಂದಿನ ಸಾಲಿನ ಹಿರಿಯರೊಬ್ಬರು ಬಾಗಿ, ಅಭಿನಂದಿಸಲು ಕೈ ಚಾಚಿದರು. ಅವಳೂ ಚಾಚಿದಳು. ಅವರು ಒಂದು ಕ್ಷಣ ತಡವರಿಸಿ, ಬೂಟಿನ ಮೂತಿಯನ್ನು ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಕುಲುಕಿದರು.