ಗ್ಯಾಲರಿಗೆ ಎರಡು ಕಂಬ

ಇಳಕಲ್ಲಿನ ದಾನೇಶ್ವರಿ ನೂಲಿಗೆ ಬಣ್ಣ ಹಾಕುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಾಳಿಗೆಯ ಕೋಣೆಯಲ್ಲೇ ಒಲೆ ಹೂಡಿ, ಸೀರೆ ನೇಯುವವರಿಗೆ ಬಣ್ಣದ ನೂಲಿನ ಲಡಿ ಮಾಡಿಕೊಡುತ್ತಿದ್ದಳು. ಒಣಗಿಸಲು ಜಾಗವಿರಲಿಲ್ಲ. ತೊಯ್ದ ಲಡಿ ಹೊತ್ತು ದಿನಕ್ಕೆ ಇಪ್ಪತ್ತು ಸಲ ಮೆಟ್ಟಿಲಿಳಿದು ಅವಳ ಸೊಂಟ ಬಿದ್ದುಹೋಗಿತ್ತು. ಮಾಳಿಗೆಯ ಬಾಗಿಲಿನಾಚೆ ನಾಲ್ಕು ಫೂಟು ಅಗಲದ ಕಬ್ಬಿಣದ ಗ್ಯಾಲರಿ ಮಾಡಿಸಬೇಕೆಂದು ವೆಲ್ಡಿಂಗ್ ಅಂಗಡಿಯ ಬಿಲಾಲನನ್ನು ಕರೆಸಿದಳು.

ಬಿಲಾಲ ಗೋಡೆಗೆ ಉಳಿ ಇಟ್ಟು ಬಡಿದ. ಕಲ್ಲಿನ ಸಂದಿಯಿಂದ ಮಣ್ಣು ಉದುರಿತು.

"ಈ ಗ್ವಾಡಿ ಹಿಡಿಯೂದಿಲ್ರಿ ಅಕ್ಕಾರ. ಬೋಲ್ಟ್ ಹೊಡದು ತೂಗ ಹಾಕಿದ್ರ ಗ್ವಾಡಿನೂ ಕಿತ್ಕೊಂಡು ಬರ್ತೈತಿ. ಹಸಿ ನೂಲಿನ ಭಾರ ಬ್ಯಾರೆ. ಒಳಗಿನ ಅಂಚು ಹೊಸ್ತಿಲದ ಕಲ್ಲಿನ ಮ್ಯಾಲ ಕುಂದರ್ಲಿ. ಹೊರಗಿನ ಅಂಚಿಗೆ ಎರಡು ಕಂಬ ಬೇಕು, ಮೂರು ಫೂಟು ಕುಣಿ ತಗದು."

ಕಂಬ ನಿಲ್ಲುವುದು ಓಣಿಯಲ್ಲಿ. ಆ ಓಣಿ ಅವಳೊಬ್ಬಳದಲ್ಲ. ಪಾಲಾದಾಗ ಅವಳಿಗೂ ಎದುರು ಮನೆಯಲ್ಲಿರುವ ಗಂಡನ ಅಣ್ಣ ಈರಪ್ಪನಿಗೂ ಕೂಡಿಯೇ ಬಿಟ್ಟದ್ದು.

"ಈರಪ್ಪಣ್ಣಾರನ್ನ ಒಂದು ಮಾತು ಕೇಳ್ರಿ," ಎಂದ ಬಿಲಾಲ.

"ಕೇಳಿದ್ರ ಒಲ್ಲೆ ಅಂತಾರ. ನೀ ಅಗಿ."

ಮರುದಿನ ಬೆಳಿಗ್ಗೆ ಬಿಲಾಲ ಒಂದು ಕುಣಿ ಮುಗಿಸಿ ಎರಡನೆಯದರೊಳಗೆ ನಿಂತು ಮಣ್ಣು ಎತ್ತುತ್ತಿದ್ದ. ಈರಪ್ಪ ಎಮ್ಮೆಗಳನ್ನು ಹೊಡೆದುಕೊಂಡು ಹೊರಬಂದ. ಮುಂದಿನ ಎಮ್ಮೆಯ ಕಾಲು ಮೊದಲ ಕುಣಿಗೆ ಜಾರಿತು. ಎಲುಬು ಮುರಿದ ಸದ್ದು ಮಾಳಿಗೆಯ ಮೇಲಿದ್ದ ದಾನೇಶ್ವರಿಗೂ ಕೇಳಿಸಿತು. ಎಮ್ಮೆ ಬಿದ್ದು ಒರಲತೊಡಗಿತು.

ಅವಳು ಕೆಳಗೆ ಓಡಿ ಬರುವಷ್ಟರಲ್ಲಿ ಈರಪ್ಪ ಕುಣಿಯ ದಂಡೆಯಲ್ಲಿದ್ದ ಹಾರೆಯನ್ನು ಎತ್ತಿಕೊಂಡಿದ್ದ.

"ಭಾವಾರ, ಬ್ಯಾಡ್ರಿ! ಅಗಸಿದಾಕಿ ನಾ!"

ಬಿಲಾಲ ತಲೆಗೆ ಕೈ ಅಡ್ಡ ಹಿಡಿದ. ಹಾರೆ ಮಣಿಕಟ್ಟಿನ ಮೇಲೆ ಬಿತ್ತು. ಕೈ ಜೋತಾಡಿತು. ಎರಡನೇ ಏಟು ಹೆಗಲಿಗೆ. ಅವನು ಕುಣಿಯೊಳಗೇ ಕುಸಿದ. ಈರಪ್ಪ ಮೂರನೆಯ ಸಲ ಹಾರೆ ಎತ್ತಿದಾಗ ದಾನೇಶ್ವರಿ ಕೈಗೆ ಸಿಕ್ಕ ಇಟ್ಟಂಗಿಯಿಂದ ಅವನ ಮೋರೆಗೆ ಹೊಡೆದಳು. ಅವನು ರಕ್ತ ಉಗುಳುತ್ತ ಬಿದ್ದ, ಹಾರೆ ದೂರ ಹೋಯಿತು. ಅಷ್ಟಕ್ಕೇ ಅವಳು ನಿಲ್ಲಬಹುದಿತ್ತು. ಮೊಣಕಾಲಿಗೆ ಹೊಡೆದಳು, ಮತ್ತೆ ಹೊಡೆದಳು. ಮೂರನೇ ಏಟಿಗೆ ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕನೆಯದನ್ನೂ ಹೊಡೆದಳು. ಈರಪ್ಪನ ಹೆಂಡತಿ ಸಿದ್ದವ್ವ ಓಡಿಬಂದು ಅವಳ ತುರುಬು ಹಿಡಿದು ಎಳೆದು ಕೆಡವಿದಳು.

ಇಬ್ಬರೂ ಗಂಡಸರು ಒಂದೇ ದವಾಖಾನೆ ಸೇರಿದರು. ಎರಡೂ ಕಡೆಯಿಂದ ಪೊಲೀಸರಿಗೆ ದೂರು ಹೋಯಿತು. ಎಮ್ಮೆ ಸಂಜೆಗೆ ಸತ್ತಿತು.

ಐದನೇ ದಿನ ಸಿದ್ದವ್ವ ದಾನೇಶ್ವರಿಯ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ಕುಣಿ ಹಂಗ ಬಾಯಿ ತಕ್ಕೊಂಡು ಬಿದ್ದಾವ. ಮುಚ್ಚು, ಇಲ್ಲಾ ಕಂಬ ಹಾಕು. ನನ್ನ ಮೊಮ್ಮಕ್ಕಳು ಅಡ್ಡಾಡ್ತಾವ."

"ಮುಚ್ತೇನಿ ಅಕ್ಕಾ."

ಆ ಮಧ್ಯಾಹ್ನವೇ ತಾನೊಬ್ಬಳೇ ಸಲಿಕೆ ಹಿಡಿದು ಮುಚ್ಚಿದಳು. ಕುಣಿಯ ಮಣ್ಣು ರಕ್ತ ಒಣಗಿ ಅಲ್ಲಲ್ಲಿ ಕಪ್ಪಾಗಿತ್ತು.

ಬಿಲಾಲ ದವಾಖಾನೆಯಿಂದ ಬಂದ ಮೇಲೆ ದಾನೇಶ್ವರಿ ಅವನ ಮನೆಗೆ ಹೋದಾಗ ಅವನ ಹೆಂಡತಿ ನಿಖತ ಬಾಗಿಲಿಗೆ ಅಡ್ಡ ನಿಂತಳು. "ಇನ್ನ ಏನ್ ಬೇಕಾಗೇತ್ರಿ ನಿಮಗ? ಇನ್ನೊಂದು ಕೈಯೇನು?"

"ಬರ್ಲಿ ಬಿಡು," ಎಂದ ಬಿಲಾಲ ಒಳಗಿನಿಂದ.

ಬಲಗೈ ಮೊಣಕೈವರೆಗೂ ಪಟ್ಟಿಯಲ್ಲಿತ್ತು. ದಾನೇಶ್ವರಿ ಅವನ ಕಾಲ ಬಳಿ ಕುಸಿದು ಕೂತಳು. "ನೀ ಹೇಳಿದಾಗ ಕೇಳಬೇಕಿತ್ತಪಾ. ನನ್ನ ಸಲುವಾಗಿ ನಿನ್ನ ಕೈ ಹೋತು."

ಅವನು ಪಟ್ಟಿಯ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕೇಳಿದ: "ನಿಮ್ಮ ಮನಿ ಮುಂದಿನ ಕಟ್ಟಿ ಎಷ್ಟು ಅಗಲ ಐತ್ರಿ?"

"ಎರಡೂವರಿ ಫೂಟು."

"ಗ್ಯಾಲರಿ ಎರಡು ಫೂಟು ಸಾಕಂದ್ರ ಕಂಬ ಕಟ್ಟಿಯೊಳಗ ಇಳಿತಾವ. ಓಣಿ ಮುಟ್ಟೂದ ಬ್ಯಾಡ. ಆವತ್ತು ನೀವು ನಾಲ್ಕು ಫೂಟು ಅಂದ್ರಿ, ನಾನೂ ಹೂಂ ಅಂದೆ. ತಪ್ಪು ನಂದೂ ಐತಿ."

ಅವನಿಗೆ ಪೆನ್ಸಿಲ್ ಹಿಡಿಯಲು ಆಗುತ್ತಿರಲಿಲ್ಲ. ನಿಖತ ದಾನೇಶ್ವರಿಯ ಕಡೆ ನೋಡದೆ ಮಗಳ ನೋಟಬುಕ್ಕಿನ ಹಾಳೆ ಹರಿದು ತಂದಳು. ಅವನು ಅಳತೆ ಹೇಳಿದ, ನಿಖತ ಗೀರಿದಳು.

ಬಾದಾಮಿಯ ಇನ್ನೊಬ್ಬ ವೆಲ್ಡರ್ ಬಂದು ಗ್ಯಾಲರಿ ಕೂರಿಸಿದ. ಒಬ್ಬರು ಓರೆಯಾಗಿ ನಿಲ್ಲುವಷ್ಟು ಜಾಗ. ದಾನೇಶ್ವರಿ ಕೆಂಪು ಲಡಿ ಹರವುತ್ತಿದ್ದಾಗ ಈರಪ್ಪ ಬಗಲಿಗೆ ಕೋಲು ಕೊಟ್ಟುಕೊಂಡು ಆಟೋದಿಂದ ಇಳಿದ. ಓಣಿಯಲ್ಲಿ ನಿಂತು ಕಂಬಗಳನ್ನು ನೋಡಿದ.

"ನಾಳೆ ಸ್ಟೇಶನ್ನಿಗೆ ಕರದಾರ. ಬರ್ತೀಯೇನು?"

"ಬರ್ತೇನ್ರಿ ಭಾವಾರ. ನಾ ಮಾಡಿದ್ದನ್ನ ನಾನ ಹೇಳ್ತೇನಿ."

ಮುಚ್ಚಿದ ಕುಣಿಯ ಮೇಲೆ ಅವನು ಕೋಲು ಊರಿ ನೋಡಿದ. ಕಾಲೆಳೆದುಕೊಂಡು ತನ್ನ ಮನೆಯೊಳಗೆ ಹೋದ.