ಅತ್ತೆಯ ಕೋಣೆಯ ವಿಸ್ತೀರ್ಣ

ದುಂಡ ಎರಡನೇ ಸಲವೂ ಊಟದ ಮೇಜಿನ ನಾಲ್ಕೂ ಬದಿಗಳನ್ನು ಕೂಡಿಸಿ "ಹದಿನಾಲ್ಕು" ಎಂದಾಗ ಅತ್ತೆ ಬೈಯಲಿಲ್ಲ. ಟೇಪನ್ನು ಪಕ್ಕಕ್ಕಿಟ್ಟು, ಹಳೆ ಪೇಪರಿನ ಕಟ್ಟು ಎಳೆದುಕೊಂಡು, ಅಡಿಗೆ ಅಡಿ ಚೌಕಗಳನ್ನು ಕತ್ತರಿಸತೊಡಗಿದಳು. ಮೇಜಿಗೆ ಹೊದಿಕೆ ಹೊದಿಸಲು ಇಂಥ ಎಷ್ಟು ತುಂಡು ಬೇಕು, ಹಾಸಿ ನೋಡಿ ಎಂದಳು. ನಾಲ್ಕರಂತೆ ಮೂರು ಸಾಲು ಕೂತವು. ದುಂಡ ಬೆರಳಿಟ್ಟು ಎಣಿಸಿ, ಹನ್ನೆರಡೇ ಆಯಿತಲ್ಲ, ಉಳಿದೆರಡು ಎಲ್ಲಿ ಹೋದವು ಎಂದು ಮೇಜಿನ ಕೆಳಗೆ ಬಗ್ಗಿ ನೋಡಿದ.

"ಸುತ್ತ ಓಡಾಡಿದ್ರೆ ಸುತ್ತಳತೆ, ಒಳಗೆ ಹೊರಳಾಡಿದ್ರೆ ವಿಸ್ತೀರ್ಣ. ತಿಳೀತಾ?" ಎಂದಳು ಅತ್ತೆ.

ಅಷ್ಟು ಹೇಳಿದ್ದೇ ತಡ, ದುಂಡ ಹಾಲಿನ ನೆಲದ ಮೇಲೆ ಉರುಳತೊಡಗಿದ. ಗುಬ್ಬಿ ಗಂಭೀರವಾಗಿ ಗೋಡೆಯಂಚಿಗೆ ನಡೆದಳು. ದುಂಡ ಅತ್ತೆಯ ತಮ್ಮನ ಮಗ, ಗುಬ್ಬಿ ಅಣ್ಣನ ಮಗಳು. ಇಬ್ಬರೂ ನಾಲ್ಕನೇ ಕ್ಲಾಸು. ಜಗಳಕ್ಕೂ ಲೆಕ್ಕಕ್ಕೂ ಒಂದೇ ಬೆಂಚು. ಮನೆಯಲ್ಲಿರುವ ಐದು ಆಯತಗಳನ್ನು ಅಳೆದು ವಿಸ್ತೀರ್ಣ ಕಂಡುಹಿಡಿದು ಬನ್ನಿ ಎಂದು ಟೀಚರು ಹೇಳಿ ಕಳಿಸಿದ್ದರು. ಅತ್ತೆ ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಗೆ ಭಾನುವಾರವೇ ಗಿರಾಕಿಗಳು ಹೆಚ್ಚು, ರಜೆ ಮಂಗಳವಾರ. ಹಾಗಾಗಿ ಮಂಗಳವಾರದ ಮಧ್ಯಾಹ್ನ ಮಕ್ಕಳಿಬ್ಬರೂ ಅವಳ ಪಾಲಿಗೆ.

ಮೇಜು, ಬಾಗಿಲು, ಕಿಟಕಿಯ ಗಾಜು, ಕಾಲೊರೆಸುವ ಚಾಪೆ ಮುಗಿದವು. ಐದನೆಯದಕ್ಕೆ ತನ್ನ ಕೋಣೆಯೇ ಇರಲಿ ಎಂದು ಇಬ್ಬರನ್ನೂ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಅವಳ ಅಮ್ಮ ಹಾಸಿಗೆ ಹಿಡಿದದ್ದು, ತೀರಿಕೊಂಡದ್ದು ಅಲ್ಲೇ. ಆಗ ಪಕ್ಕದಲ್ಲಿ ಹಾಕಿಕೊಂಡಿದ್ದ ಕಬ್ಬಿಣದ ಮಂಚದಲ್ಲೇ ಅವಳು ಈಗಲೂ ಮಲಗುತ್ತಿದ್ದಳು. ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿ ಎಂದು ದುಂಡನಿಗೆ ಕೊಟ್ಟು ಹಿಂದೆ ಹಿಂದೆ ಸರಿಯುತ್ತಿದ್ದಾಗ ನೋಡುತ್ತಾಳೆ, ಗುಬ್ಬಿ ಆಗಲೇ ಬರೆಯುತ್ತಿದ್ದಾಳೆ.

"ಅಳೀದೇನೇ ಬರೀತೀಯಾ?"

"ಇದು ಗೊತ್ತು ಅತ್ತೆ. ಉದ್ದ ಹನ್ನೆರಡು, ಅಗಲ ಹತ್ತು. ಆದ್ರೆ ಇದು ಒಂದು ಆಯತ ಅಲ್ಲ, ಎರಡು."

ಅತ್ತೆಗೆ ನಗು ಬಂತು. ಗುಬ್ಬಿ ನಗಲಿಲ್ಲ. ಕಿಟಕಿಯ ಪಕ್ಕದಿಂದ ಎದುರು ಗೋಡೆಯವರೆಗೆ ಕೈಚಾಚಿ ಒಂದು ಗೆರೆ ತೋರಿಸಿದಳು. ಗೋಡೆ ಬರುವುದು ಅಲ್ಲಿ. ಭಾನುವಾರ ಅಪ್ಪ, ಚಿಕ್ಕಪ್ಪ ಇಬ್ಬರೂ ದಾರ ಹಿಡಿದು ನೋಡಿದ್ದರು. ಮನೆ ಎರಡು ಪಾಲಾದ ಮೇಲೆ ಈಚೆ ಏಳಡಿ ನಮ್ಮ ಬಾತ್‌ರೂಮು, ಆಚೆ ಐದಡಿ ದುಂಡನ ಮನೆಯವರ ಅಡುಗೆಕೋಣೆ ಎಂದು ವಿವರಿಸಿದಳು. ಗೆರೆ ಅತ್ತೆಯ ದಿಂಬಿನ ಮೇಲೇ ಹಾದು ಹೋಗುತ್ತಿತ್ತು.

"ಹಾಗಾದ್ರೆ ನನ್ನ ಮಂಚ?"

"ಬಿಚ್ಚಬಹುದಂತೆ. ನಟ್ಟು ಬೋಲ್ಟಿಂದು," ಎಂದ ದುಂಡ, ಸಮಾಧಾನ ಮಾಡುವವನ ಹಾಗೆ.

"ಹಾಸ್ಟೆಲಲ್ಲಿ ಅವರೇ ಮಂಚ ಕೊಡ್ತಾರಲ್ಲ," ಎಂದಳು ಗುಬ್ಬಿ.

ಯಾವ ಹಾಸ್ಟೆಲು ಎಂದು ಅತ್ತೆ ಕೇಳಿದಳು. ಗುಬ್ಬಿ ಪೆನ್ಸಿಲು ಕಚ್ಚಿಕೊಂಡು ದುಂಡನ ಮುಖ ನೋಡಿದಳು. ಹೇಳಬಾರದ ಮಾತು ಎಂದು ಅವಳಿಗೆ ಈಗ ನೆನಪಾದಂತಿತ್ತು.

"ನಿಮ್ಮ ಅಂಗಡಿ ಹತ್ರದ್ದು. ಇಲ್ಲಿ ಬೇಜಾರು, ಹೋಗ್ತೀನಿ ಅಂತ ನೀವೇ ಕೇಳಿದ್ದಂತೆ. ನಾನು ಅವತ್ತು ಊಟಾನೇ ಮಾಡ್ಲಿಲ್ಲ," ಎಂದಳು ಗುಬ್ಬಿ.

ಟೇಪು ಅತ್ತೆಯ ಕೈಜಾರಿ ಸರ್ರನೆ ಸುತ್ತಿಕೊಳ್ಳುತ್ತಾ ಹೋಗಿ ಗೋಡೆಗೆ ಬಡಿಯಿತು. ದುಂಡ ಕಿಸಕ್ಕನೆ ನಕ್ಕ. ಕೆನ್ನೆಗೆ ಏಟು ಬಿದ್ದವರಿಗೆ ನೋವಿಗಿಂತ ಮೊದಲು ಬರೀ ಸದ್ದು ಕೇಳಿಸುತ್ತದಲ್ಲ, ಅವಳು ಆ ಸದ್ದಿನಲ್ಲೇ ಸಿಕ್ಕಿಕೊಂಡು ನಿಂತಿದ್ದಳು. ಭಾನುವಾರ ಅಂಗಡಿಯಿಂದ ಬಂದಾಗ ಅಣ್ಣ ಕನ್ನಡಕ ಕಳಚಿ ಕೊಟ್ಟು, ಮೂಗಿನ ಮೇಲಿಂದ ಜಾರುತ್ತೆ, ಸ್ವಲ್ಪ ನೋಡು ಎಂದಿದ್ದ. ಅವಳು ಬ್ಯಾಗಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿ, ಸೆರಗಿನಿಂದ ಗಾಜು ಒರೆಸಿ, ಅವನ ಕಿವಿಗೆ ತಾನೇ ಸಿಕ್ಕಿಸಿದ್ದಳು. ಅದೇ ಭಾನುವಾರ. ದಾರ ಹಿಡಿದು ಇನ್ನೂ ಎಷ್ಟು ಹೊತ್ತಾಗಿತ್ತೋ.

"ಅತ್ತೆ, ಎರಡನ್ನೂ ಬೇರೆ ಬೇರೆ ಮಾಡ್ಬೇಕಾ?" ಎಂದು ಗುಬ್ಬಿ ಕೇಳುತ್ತಿದ್ದಳು.

ಮಾಡು ಎಂದಳು. ಆ ದನಿ ಯಾರದ್ದೋ ಅನ್ನಿಸಿತು. ಏಳು ಹತ್ತಲಿ ಎಪ್ಪತ್ತು, ಐದು ಹತ್ತಲಿ ಐವತ್ತು, ಕೂಡಿದರೆ ನೂರಿಪ್ಪತ್ತು. ಎರಡು ಮಾಡಿದರೂ ಅಷ್ಟೇ ಬಂತಲ್ಲ ಎಂದು ದುಂಡನಿಗೆ ಬಲು ಖುಷಿ. ಗುಬ್ಬಿಗೆ ಮಾತ್ರ ಒಂದು ಅನುಮಾನ ಉಳಿಯಿತು. ಗೋಡೆಗೂ ದಪ್ಪ ಇರುತ್ತದಲ್ಲ, ಆ ಜಾಗ ಯಾರ ಲೆಕ್ಕಕ್ಕೆ? ಅತ್ತೆ ಮಂಚದ ಅಂಚಿಗೆ ಕೂತುಬಿಟ್ಟಳು.

ಸಂಜೆ ಅಣ್ಣ, ತಮ್ಮ ಇಬ್ಬರೂ ಒಟ್ಟಿಗೇ ಬಂದರು. ಇತ್ತೀಚೆಗೆ ಒಟ್ಟಿಗೇ ಬರುತ್ತಿದ್ದುದನ್ನು ಕಂಡು, ಪರವಾಗಿಲ್ಲ, ಇವರಿಬ್ಬರ ನಡುವಿನ ಮುನಿಸು ತಣ್ಣಗಾಯಿತು ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಅಣ್ಣ ಬಾಗಿಲ ಬಳಿ ಕೂತು ಒಂದು ಶೂ ಬಿಚ್ಚಿದ್ದ.

"ಅಣ್ಣ, ನನ್ನ ರೂಮಲ್ಲಿ ಗೋಡೆ ಯಾವಾಗ ಎಬ್ಬಿಸ್ತೀರಿ?"

ಇನ್ನೊಂದು ಶೂವಿನ ಲೇಸು ಅವನ ಬೆರಳಲ್ಲೇ ಉಳಿಯಿತು. ಹೇಳೋಣ ಅಂತಲೇ ಇದ್ದೆವು, ನಿನ್ನ ಒಳ್ಳೇದಕ್ಕೇ, ಅಂಗಡಿಗೂ ಹತ್ತಿರ ಎಂದು ಏನೇನೋ ಹೇಳಿದ. ಅತ್ತಿಗೆ ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ಅತ್ತೆ ಅದೆಲ್ಲ ಕೇಳಿಸಿಕೊಂಡಳೋ ಇಲ್ಲವೋ.

"ನಾನೇ ಕೇಳಿದೆ ಅಂತ ಮಕ್ಕಳಿಗೆ ಹೇಳಿದ್ದು ಯಾರು?"

"ಮಕ್ಕಳಿಗೆ ಏನಾದ್ರೂ ಹೇಳ್ಬೇಕಲ್ಲ ಅಕ್ಕ," ಎಂದ ತಮ್ಮ. ಜ್ವರ ಬಂದಾಗಲೆಲ್ಲ ಅವಳ ಮಡಿಲಲ್ಲೇ ಮಲಗುತ್ತಿದ್ದವನು. ಅವಳು ಅವನನ್ನು ಮೊದಲ ಸಲ ಕಂಡಂತೆ ನೋಡಿದಳು. ಅವನು ಗೋಡೆ ನೋಡಿದ.

ಅವಳು ಅಳಲಿಲ್ಲ. ಅದು ಅವಳಿಗೇ ಆಶ್ಚರ್ಯ.

"ಮನೆ ಅಪ್ಪಂದು. ಅಪ್ಪನಿಗೆ ಮೂರು ಜನ ಮಕ್ಕಳು. ಮೂರು ಪಾಲು ಹಾಕಿ ಮತ್ತೆ ಅಳೀರಿ, ನಾನೂ ಇರ್ತೀನಿ. ಆದ್ರೆ ಅದಕ್ಕೆ ಮುಂಚೆ ಮಕ್ಕಳನ್ನ ಕರೆದು ನಿಜ ಹೇಳಿ. ಈಗ, ನನ್ನೆದುರಿಗೆ."

ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳ ಬಾಯಿಂದ ಪಾಲು ಎಂಬ ಮಾತು ಬರಬಹುದೆಂದು ಅವರಿಬ್ಬರೂ ಅಂದುಕೊಂಡೇ ಇರಲಿಲ್ಲ. ಕೊನೆಗೆ ಅಣ್ಣ ಒಂದೇ ಶೂವಿನಲ್ಲಿ ಎದ್ದು ನಿಂತು ಗುಬ್ಬಿಯನ್ನೂ ದುಂಡನನ್ನೂ ಕರೆದ. ಅತ್ತೆ ಏನೂ ಕೇಳಿರಲಿಲ್ಲ, ನಾವೇ ಹಾಗಂದಿದ್ದು ಎಂದು ನೆಲಕ್ಕೆ ಹೇಳಿದ.

"ಮತ್ತೆ ಯಾಕಪ್ಪ ಹಾಗೆ ಹೇಳಿದ್ರಿ?" ಎಂದು ಗುಬ್ಬಿ ಕೇಳಿದಳು.

ಉತ್ತರಕ್ಕೆ ಅತ್ತೆ ಕಾಯಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ರಾತ್ರಿಯಲ್ಲಿ ಅಮ್ಮ ಕೂಗಿದರೆ ಯಾರಾದರೂ ಒಳಗೆ ಬರಲಿ ಎಂದು ಆ ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟಿದ್ದರು. ಆಮೇಲೆ ಚಿಲಕದ ಮೇಲೂ ಎರಡು ಸಲ ಬಣ್ಣ ಹೊಡೆದಾಗಿತ್ತು. ಈಗ ಎಳೆದರೆ ಅಲುಗಲಿಲ್ಲ. ಅಂಗೈ ಬುಡದಿಂದ ಗುದ್ದಿದಳು. ಬಣ್ಣದ ಪದರ ಬಿರಿದು ಚೂರುಚೂರಾಗಿ ಕಾಲ ಮೇಲೆ ಉದುರಿತು. ಚಿಲಕ ಒಂದು ಬೆರಳಿನಷ್ಟು ಸರಿದು ನಿಂತಿತು. ಅವಳು ಎರಡೂ ಕೈ ಹಾಕಿದಳು.