ದಾನವ್ವನ ಮಗಳು ಬರೆಯುವ ಹೊತ್ತು

ನಾನು ಒಂದು ರಟ್ಟು. ಮಕ್ಕಳು ನೋಟ್‌ಬುಕ್ ಸಿಕ್ಕಿಸಿ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಾರಲ್ಲ, ಆ ಕ್ಲಿಪ್ಪಿನ ಪ್ಯಾಡು. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ದೊಡ್ಡ ಹಲಗೆಯಿಂದ ನನ್ನನ್ನು ಕೊಯ್ದರು, ಅಂಚು ಉಜ್ಜಿದರು, ತಲೆಗೆ ತಗಡಿನ ಕ್ಲಿಪ್ಪು ಹೊಡೆದರು. ಆ ಏಟಿನ ಸಿಟ್ಟು ಇನ್ನೂ ಇಳಿದಿಲ್ಲ. ಎಚ್ಚರ ತಪ್ಪಿ ಬೆರಳಿಟ್ಟವರನ್ನು ಕಚ್ಚಿಯೇ ಬಿಡುತ್ತೇನೆ. ಆದರೆ ನನ್ನ ಆಸೆ ದೊಡ್ಡದಲ್ಲ. ಒಂದು ಮಗು ತಾನೇ ಒತ್ತಿ ಬರೆಯಬೇಕು. ಆ ಒತ್ತು ಕಾಗದ ದಾಟಿ ನನಗೆ ತಾಕಬೇಕು. ಅಷ್ಟೇ.

ಗುಳೇದಗುಡ್ಡದಲ್ಲಿ ನನ್ನನ್ನು ಮೊದಲು ಕೊಂಡವನು ಒಬ್ಬ ಗುಮಾಸ್ತ. ಮಗ ಸುಮಂತ ಐದನೇ ತರಗತಿಗೆ ಬಂದಿದ್ದ. ಆದರೆ ನಾನು ಹುಡುಗನ ತೊಡೆ ಕಂಡಿದ್ದೇ ಅಪರೂಪ. ದಿನಾ ಸಂಜೆ ಅಪ್ಪನೇ ಕೂತು ಹೋಂವರ್ಕ್ ಬರೆಯುತ್ತಿದ್ದ. ಅದೂ ಎಡಗೈಯಲ್ಲಿ, ಅಕ್ಷರ ಹುಡುಗನದರಂತೆ ಸೊಟ್ಟಗೆ ಕಾಣಲಿ ಎಂದು.

“ನಿಮಗ ಐದನೇತ್ತಿ ಎರಡನೇ ಸಲ ಆತ ನೋಡ್ರಿ,” ಎಂದು ಹೆಂಡತಿ ನಗುತ್ತಿದ್ದಳು.

“ಸುಮ್ನಿರ. ಹುಡುಗಗ ತ್ರಾಸ ಆಗತೈತಿ.”

ಒಮ್ಮೆ ಸುಮಂತ ಹತ್ತಿರ ಬಂದು ಕೇಳಿದ: “ಅಪ್ಪಾ, ಒಂದ ಲೆಕ್ಕ ನಾ ಮಾಡಲೇನು?”

“ಬ್ಯಾಡ, ತಪ್ಪ ಮಾಡತಿ. ಹೋಗಿ ಆಡು.”

ಹುಡುಗ ಆಡಲು ಹೋಗಲಿಲ್ಲ. ಬಾಗಿಲಿಗೆ ಒರಗಿ ಅಪ್ಪನ ಕೈಯನ್ನೇ ನೋಡುತ್ತ ನಿಂತ. ನನಗಾದರೂ ಕ್ಲಿಪ್ಪಿತ್ತು, ಗುಮಾಸ್ತನ ಹೆಬ್ಬೆರಳು ಕಚ್ಚಿ ಸಿಟ್ಟು ತೀರಿಸಿಕೊಂಡೆ. ಅವನಿಗೇನಿತ್ತು?

ಗುಮಾಸ್ತನಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ, ಕುಪ್ಪಸದ ಖಣ ಮಾರಲು ಬಂದಿದ್ದ ನೇಕಾರರ ದಾನವ್ವನ ಕೈಗೆ ಅವನ ಹೆಂಡತಿ ನನ್ನನ್ನು ಕೊಟ್ಟಳು. ದಾನವ್ವನ ಮಗಳು ಶಿವಲೀಲಾ ಕೂಡ ಐದನೇ ತರಗತಿ. ಆ ಮನೆಯಲ್ಲಿ ದಾನವ್ವ ಮಗ್ಗದ ಕುಣಿಯಲ್ಲಿ, ನೆಲದ ಆ ಗುಂಡಿಯಲ್ಲಿ, ಕಾಲಿಳಿಬಿಟ್ಟು ಖಣ ನೇಯುತ್ತಿದ್ದಳು. ಗಂಡ ಮಲ್ಲಪ್ಪ ರಾಟಿ ತಿರುಗಿಸಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಶಿವಲೀಲಾ ಕುಣಿಯ ಅಂಚಿನಲ್ಲಿ ಕೂತು ನನ್ನನ್ನು ತೊಡೆಗೇರಿಸಿದಳು. ಪೆನ್ಸಿಲ್ಲನ್ನು ಎಷ್ಟು ಒತ್ತಿದಳೆಂದರೆ ನನ್ನ ಮೈ ಜುಮ್ಮೆಂದಿತು. ಸಿಕ್ಕಿತು ಎಂದುಕೊಂಡೆ. ಎಲ್ಲಿ ಸಿಕ್ಕಿತು!

ಅವಳು ಒಂದು ಅಂಕಿಗೆ ಕಾಟು ಹೊಡೆದದ್ದು ದಾನವ್ವನ ಕಣ್ಣಿಗೆ ಬಿತ್ತು. ಓದು ಬಾರದಿದ್ದರೂ ಕಾಟು ಯಾರಿಗಾದರೂ ಕಾಣುತ್ತದೆ.

“ತಪ್ಪ ಎಲ್ಲಿ ಬಂತು?”

“ಎರಡನೇ ಸಾಲಿನಾಗ, ಯವ್ವಾ.”

“ಹಂಗಾರ ಅಲ್ಲೀತನಾ ಬಿಚ್ಚು. ತಪ್ಪಿನ ಮ್ಯಾಲ ಯಾರರ ನೇಯ್ತಾರೇನು?”

ಬಟ್ಟೆಯಲ್ಲಿ ಒಂದು ಎಳೆ ತಪ್ಪಿದರೆ ಅಲ್ಲಿಂದೀಚೆಗೆ ನೇಯ್ದದ್ದನ್ನೆಲ್ಲ ಬಿಚ್ಚಿ ಮತ್ತೆ ನೇಯುವುದು ಅವರ ಪದ್ಧತಿ. ಶಿವಲೀಲಾ ಎರಡನೇ ಸಾಲಿನಿಂದ ಕೆಳಗಿನದನ್ನೆಲ್ಲ ಅಳಿಸಿದಳು. ಮತ್ತೆ ಬರೆದಳು, ಮತ್ತೆ ತಪ್ಪಿದಳು, ಮತ್ತೆ ಅಳಿಸಿದಳು. ಪುಟ ಹರಿಯಿತು. ರಬ್ಬರಿನ ಪುಡಿ ನನ್ನ ಕ್ಲಿಪ್ಪಿನೊಳಗೆ ತುಂಬಿತು. ಶಾಲೆಗೆ ಹೋದದ್ದು ಖಾಲಿ ಪುಟ, ಅದರಲ್ಲೊಂದು ತೂತು.

ದಿನವೂ ಹೀಗೇ. ಹೋಂವರ್ಕ್ ಮಾಡದವಳೆಂದು ಹುಡುಗಿ ದಿನಾ ಬೈಸಿಕೊಂಡು ಬಂದಳು. ಕೊನೆಗೊಂದು ದಿನ ಮಲ್ಲಪ್ಪ ರಾಟಿ ನಿಲ್ಲಿಸಿ ಹೇಳಿಯೇ ಬಿಟ್ಟ: “ಸಾಕ ಮಾಡು. ದಿನಾ ಬೈಸಿಕೊಂಡ ಬರೂದಕಿಂತ ಇಲ್ಲಿ ಕುಂತ ಕಂಡಿಕಿ ಸುತ್ತಲಿ. ನಾಳಿಂದ ಶಾಲಿ ಬ್ಯಾಡ.”

ಶಿವಲೀಲಾ ಅಳಲಿಲ್ಲ. ನನ್ನನ್ನು ಎದೆಗೆ ಅವುಚಿಕೊಂಡಳು. ಬೆರಳು ಕ್ಲಿಪ್ಪಿನ ಬಾಯಿಗೇ ಬಂದಿತ್ತು. ಕಚ್ಚಲಿಲ್ಲ.

ಹುಡುಗಿ ಶಾಲೆಗೆ ಬರಲಿಲ್ಲವೆಂದು ಅವಳ ಟೀಚರು, ಕಸ್ತೂರಿ ಅಕ್ಕೋರು, ಮನೆಗೇ ಬಂದರು. ನನ್ನ ಮೇಲಿದ್ದ ನೋಟ್‌ಬುಕ್ ತೆರೆದು ತೂತುಗಳನ್ನು ನೋಡಿದರು.

“ಇಷ್ಟ ಯಾಕ ಅಳಿಸೀ, ಶಿವಲೀಲಾ?”

“ನಾನ ಅಳಿಸು ಅಂದೀನ್ರಿ,” ಎಂದಳು ದಾನವ್ವ. “ತಪ್ಪ ಬಿಟ್ಟ ಮುಂದ ನೇದ್ರ ಸಾವಕಾರ ಬಟ್ಟಿ ಮುಟ್ಟಂಗಿಲ್ರಿ.”

ಅಕ್ಕೋರು ಮಗ್ಗದ ಕಡೆ ತಿರುಗಿದರು. “ನಾ ಸಾವಕಾರ ಅಲ್ಲ, ದಾನವ್ವ. ನನಗ ಅಕಿ ತಪ್ಪ ಬೇಕು. ತಪ್ಪ ಎಲ್ಲಿ ಐತಿ ಅಂತ ಕಾಣಲಿಲ್ಲಂದ್ರ ನಾ ಏನ ಕಲಿಸ್ಲಿ?”

“ಅಂದ್ರ ಕಾಟು ಇದ್ರೂ ನಡೀತೈತೇನ್ರಿ?”

“ಇರ್ಲಿ. ನೀ ಅಳಿಸಾಕ ಹೇಳಬ್ಯಾಡ. ದಿನಾ ಅರ್ಧ ತಾಸು ಮಗ್ಗ ನಿಲ್ಲಿಸಿ ಅಕಿ ಬಾಜೂಕ ಕುಂಡ್ರು. ಅಷ್ಟ ಸಾಕು.”

“ಮಗ್ಗ ನಿಲ್ಲಿಸಿದ್ರ ಹೊಟ್ಟಿಗೇನ್ರಿ?” ಎಂದ ಮಲ್ಲಪ್ಪ. “ಮತ್ತ ಕಂಡಿಕಿ?”

ದಾನವ್ವ ಕುಣಿಯಿಂದ ಮೇಲೆದ್ದಳು. “ನಸುಕಿನ್ಯಾಗ ಎದ್ದ ನಾ ನೇಯ್ತೀನಿ. ಕಂಡಿಕಿ ನೀ ಸುತ್ತು. ಅಕಿ ನಾಳಿ ಶಾಲಿಗಿ ಹೊಕ್ಕಾಳ.”

ಆ ಮೇಲಿನ ಸಂಜೆಗಳು ನನ್ನ ಬಾಳಿನ ಒಳ್ಳೆಯ ಕಾಲ. ಶಿವಲೀಲಾ ಬರೆದಳು, ತಪ್ಪಿದಳು, ಕಾಟು ಹೊಡೆದು ಮುಂದಕ್ಕೆ ಹೋದಳು. ದಾನವ್ವ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಕಾಟು ಕಂಡಾಗಲೆಲ್ಲ ಅವಳ ಕೈ ಚಡಪಡಿಸುತ್ತಿತ್ತು, ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಗುಣಾಕಾರ, ಭಾಗಾಕಾರ, ನದಿಗಳ ಹೆಸರು ಎಲ್ಲವೂ ನನ್ನ ಮೈಮೇಲೆ ತಗ್ಗು ತಗ್ಗಾಗಿ ಇಳಿದವು. ಆರು, ಏಳನೇ ತರಗತಿ ಮುಗಿದವು. ಹೈಸ್ಕೂಲಿಗೆಂದು ಅವಳು ಬಾಗಲಕೋಟೆಯ ಸೋದರತ್ತೆಯ ಮನೆಗೆ ಹೋದಳು. ಅಲ್ಲಿ ಮೇಜು ಇದೆಯಂತೆ. ನನ್ನನ್ನು ಒಯ್ಯಲಿಲ್ಲ. ಒಯ್ಯಬೇಕೆಂದೂ ಅಲ್ಲ. ಆದರೂ ಬಾಗಿಲಾಚೆ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಕ್ಲಿಪ್ಪು ಬಿಗಿಯಾಗುತ್ತದೆ.

ಈಗ ನಾನು ಜೋಳದ ಡಬ್ಬಿಯ ಮುಚ್ಚಳ. ಮೂಲೆ ಮುರಿದಿದೆ, ಕ್ಲಿಪ್ಪು ತುಕ್ಕು ಹಿಡಿದಿದೆ. ಡಬ್ಬಿಯ ಮೇಲಿಂದ ಮಗ್ಗ ಚೆನ್ನಾಗಿ ಕಾಣುತ್ತದೆ. ನಿನ್ನೆ ದೀಪ ಹಚ್ಚುವ ಹೊತ್ತಿಗೆ ದಾನವ್ವ ನೇಯುವುದನ್ನು ನಿಲ್ಲಿಸಿ, ಕುಣಿಯ ಅಂಚಿನಲ್ಲಿ ಬಂದು ಕೂತಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

“ಈಗ್ಯಾಕ ನಿಲ್ಲಿಸಿದೀ?” ಎಂದ ಮಲ್ಲಪ್ಪ.

“ಅಲ್ಲಿ ಬರೀಲಾಕ ಕುಂತಿರ್ತಾಳ ಈಗ.”

ಸ್ವಲ್ಪ ಹೊತ್ತಾದ ಮೇಲೆ ಮಲ್ಲಪ್ಪನ ರಾಟಿಯ ಸದ್ದೂ ನಿಂತಿತು.